ನಲವತ್ತೊಂದು ಡಿಗ್ರಿ

ಇದು ನಡೆದದ್ದು ನಿಜ. ನನ್ನ ನೆನಪನ್ನು ನಾನೇ ಪೂರ್ತಿ ನಂಬುವವನಲ್ಲ. ಅದಕ್ಕೇ ಅಂಕಿಗಳನ್ನು ಅವತ್ತೇ ಮೊಬೈಲ್ ನೋಡಿ ಬರೆದಿಟ್ಟುಕೊಂಡೆ. ಉಳಿದದ್ದಕ್ಕೆ ಅಕ್ಕನೇ ಸಾಕ್ಷಿ.

ಮಳೆ ಕೈಕೊಟ್ಟ ಎರಡನೇ ವರ್ಷ. ಭಾಲ್ಕಿಯ ನಮ್ಮ ಓಣಿಯ ಜನ ದುಡಿಯಲು ಹೈದರಾಬಾದ್, ಪುಣೆ ಸೇರಿ ಸಾಲು ಮನೆಗಳಿಗೆ ಬೀಗ ಬಿದ್ದಿತ್ತು. ನಮ್ಮಲ್ಲಿ ಅವ್ವ, ನಾನು, ಬಾಣಂತನಕ್ಕೆ ಬಂದ ಅಕ್ಕ, ಅವಳ ಎರಡು ತಿಂಗಳ ಮಗಳು.

ಟ್ಯಾಂಕರ್ ನೀರು ಉಳಿಸಲು ಬಚ್ಚಲಿನ ತಣ್ಣೀರಿನ ನಳ ಬಂದ್ ಮಾಡಿದ್ದೆವು. ಬೆರೆಸುವ ಕೆಲಸವೇ ಬೇಡವೆಂದು ಗೀಸರ್‌ಗೆ ನಾನೇ ಸೆನ್ಸರ್ ಹಾಕಿದ್ದೆ. ನಲವತ್ತೊಂದು ಡಿಗ್ರಿ ಆದೊಡನೆ ಕರೆಂಟ್ ತಾನೇ ನಿಲ್ಲಬೇಕು. ಮೀರಿದರೆ ನನ್ನ ಮೊಬೈಲ್ ಕೂಗಬೇಕು. "ಕೈ ಹಾಕಿ ನೋಡೋದು ಬ್ಯಾಡ ಅಕ್ಕಾ, ಸೀದಾ ನಳದ ಕೆಳಗ ಹಿಡಿ" ಎಂದು ಕೂಸಿನ ಸ್ನಾನಕ್ಕೆ ಹೇಳಿಕೊಟ್ಟವನೂ ನಾನೇ.

ಅವತ್ತು ಔರಾದ್‌ನ ಕಾಲೇಜಿನಿಂದ ಬೈಕಿನಲ್ಲಿ ಬರುತ್ತಿದ್ದೆ. ಕತ್ತಲಾಗಿತ್ತು. ಎರಡೂ ಕಡೆ ಬಿತ್ತದ ಹೊಲ, ಕಾದ ಮಣ್ಣಿನ ವಾಸನೆ... ಮನೆ ಇನ್ನು ಹತ್ತು ನಿಮಿಷವಿದೆ ಎನ್ನುವಾಗ ನೆಟ್‌ವರ್ಕ್ ಸಿಕ್ಕು, ಜೇಬಿನಲ್ಲಿ ಮೊಬೈಲ್ ಕೂಗಿತು.

ಎಪ್ಪತ್ತೆಂಟು.

ಬೈಕ್ ನಿಲ್ಲಿಸಿ, ಗೀಸರ್ ಬಂದ್ ಮಾಡಲು ಮೊಬೈಲಿನಲ್ಲೇ ಒತ್ತಿದೆ. ಎಂಬತ್ತೊಂದು. ಮತ್ತೆ ಒತ್ತಿದೆ. ಎಂಬತ್ನಾಲ್ಕು... ಅಕ್ಕ ಕೂಸಿಗೆ ನೀರು ಹಾಕುವ ಹೊತ್ತು. ಅವಳ ಫೋನ್ ರಿಂಗಾಗಿ ರಿಂಗಾಗಿ ನಿಂತಿತು. ಅವ್ವ ಟ್ಯಾಂಕರ್ ಹತ್ತಿರ ಹೋಗಿರುತ್ತಾಳೆ, ಅವಳಿಗೆ ಫೋನಿಲ್ಲ. ಓಡಿಹೋಗಿ ಹೇಳಿ ಎನ್ನಲು ಓಣಿಯಲ್ಲಿ ಯಾರೂ ಉಳಿದಿಲ್ಲ.

ಎಂಬತ್ತೆಂಟು.

ಆಮೇಲೆ ಅಂಕಿ ಇಳಿಯತೊಡಗಿತು. ಎಪ್ಪತ್ತು. ಐವತ್ತೈದು... ಬಿಸಿನೀರು ಹೊರಗೆ ಹರಿದು ಗೀಸರ್‌ಗೆ ತಣ್ಣೀರು ತುಂಬುತ್ತಿದೆ. ಅಂದರೆ ಅಕ್ಕ ನಳ ತಿರುಗಿಸಿದ್ದಾಳೆ. ಕೂಸಿನ ಎಳೆ ಚರ್ಮ ಕಣ್ಣಿಗೆ ಕಟ್ಟಿತು. ಬೈಕ್ ಹೇಗೆ ಓಡಿಸಿದೆನೋ ತಿಳಿಯದು.

ಮನೆ ಹೊಕ್ಕಾಗ ಅಕ್ಕ ಕೂಸನ್ನು ಎತ್ತಿಕೊಂಡು, ಬಚ್ಚಲಿನ ಮುಚ್ಚಿದ ಬಾಗಿಲಿಗೆ ಬೈಯುತ್ತಿದ್ದಳು. ಕೂಸಿಗೆ ಹಚ್ಚಿದ ಎಣ್ಣೆ ಹಾಗೇ ಇತ್ತು.

"ಎಷ್ಟ್ ನೀರ್ ಹೊಯ್ಕೋತಿಯೋ? ಊರಿಗಿ ಊರೇ ಒಣಗ್ಯಾದ, ಇವ ದೊಡ್ಡ ನವಾಬ!"

"ಅಕ್ಕಾ..."

ತಿರುಗಿ ನೋಡಿದವಳ ಮುಖ ಬಿಳಿಚಿಕೊಂಡಿತು.

"ನೀ ಒಳಗ ಇದ್ದಿಲ್ಲೇನೋ? ಈಗರೆ ಅಂದಿ... ಇನ್ನಾ ಬಿಸಿ ಅದ, ತಡಿ ಅಕ್ಕಾ ಅಂತ."

"ನಾ ಈಗ ಬಂದೀನಿ."

"ಹಂಗಾದ್ರ..." ಅವಳ ದನಿ ಪಿಸುಗುಟ್ಟಿತು, "ಒಳಗ ಯಾರ್ ಅದಾರ?"

ಒಳಗೆ ನೀರಿನ ಸದ್ದು ನಿಂತಿತು. ಚಿಲಕ ನಿಧಾನವಾಗಿ ಸರಿಯಿತು...

ತಳ್ಳಿದೆ. ಯಾರೂ ಇಲ್ಲ. ಮೇಲೆ ಅಂಗೈ ಅಗಲದ ಕಿಂಡಿ, ಅಷ್ಟೇ. ಬಕೆಟ್ ಒಣಗಿತ್ತು. ನೆಲವೂ ಒಣಗಿತ್ತು. ಮೊಬೈಲ್ ನಲವತ್ತೊಂದು ತೋರಿಸುತ್ತಿತ್ತು. ಗೋಡೆಯ ಮೇನ್ ಸ್ವಿಚ್ ಆರಿಸಿ ಹೊರಗೆ ಓಡಿದೆ.

ಮರುದಿನ ಬಂದ ಮಿಸ್ತ್ರಿ ಬಿಚ್ಚಿ ನೋಡಿದ. "ಪಾಯಿಂಟ್ ಅಂಟ್ಕೊಂಡಾವ್ರಿ ಸರ್, ಕರೆಂಟ್ ನಿಂತೇ ಇಲ್ರಿ. ನೀರು ಕಾದದ್ದು ಹೌದ್ರಿ. ಸ್ವಿಚ್ ಬಂದ್ ಮಾಡೋ ಮೊದ್ಲೇ ಆರಿದ್ದು ಹ್ಯಾಂಗ್ರಿ?"

ಎಂಬತ್ತೆಂಟು ಕಂಡಾಗ ಆ ಖಾಲಿ ರಸ್ತೆಯಲ್ಲಿ ನಾನು "ತಡಿ ಅಕ್ಕಾ" ಎಂದು ಕಿರುಚಿದ್ದೆ ಎಂದು ಈಗ ನನಗನ್ನಿಸುತ್ತದೆ. ನಿಜಕ್ಕೂ ಕಿರುಚಿದ್ದೆನೋ, ಅವಳ ಮಾತು ಕೇಳಿದ ಮೇಲೆ ಹುಟ್ಟಿದ ನೆನಪೋ, ಹೇಳಲಾರೆ. ಒಮ್ಮೆ ಧೈರ್ಯ ಮಾಡಿ ಅಕ್ಕನನ್ನು ಕೇಳಿದೆ, ಒಳಗಿನ ದನಿಯಲ್ಲಿ ಗಾಬರಿ ಇತ್ತೇ ಎಂದು.

"ಇಲ್ಲೋ," ಎಂದಳು. "ಆರಾಮಿತ್ತು. ನಡುನಡುವ ಹಾಡ್ಕೋತಿತ್ತು."

ನನಗೆ ಹಾಡುವ ರೂಢಿಯಿಲ್ಲ.