ನಾಲ್ವರದೂ ಒಂದೇ ಮಾತು

ಪುಣೆಯ ನಮ್ಮ ಮಿಶನ್ ಕಾಲೇಜಿನಲ್ಲಿ ವಾರಕ್ಕೊಂದು ಬೈಬಲ್ ತಾಸು ಕಡ್ಡಾಯವಾಗಿತ್ತು. ಒಮ್ಮೆ ನನ್ನ ಕೋಣೆಯ ಗೆಳೆಯ, ಬೆಳಗಾವಿಯವನು, ಎದ್ದು ನಿಂತು ಪಾದ್ರಿಗಳನ್ನು ಕೇಳಿದ: ಯೇಸುವಿನ ಸಮಾಧಿಯ ಬಳಿ ಒಬ್ಬ ದೂತನಿದ್ದ ಎನ್ನುತ್ತದೆ ಒಂದು ಸುವಾರ್ತೆ, ಇಬ್ಬರೆನ್ನುತ್ತದೆ ಇನ್ನೊಂದು, ಯಾವುದನ್ನು ನಂಬಬೇಕು? ಪಾದ್ರಿಗಳು ಸಿಟ್ಟಾಗಲಿಲ್ಲ. ಬರೆದವರ ಹೆಸರುಗಳು ಆಮೇಲೆ ಸೇರಿರಬಹುದು, ಅವರು ಕಣ್ಣಾರೆ ಕಂಡವರೋ ಕೇಳಿ ಬರೆದವರೋ ಹೇಳುವುದು ಕಷ್ಟ ಎಂದು ಒಪ್ಪಿಕೊಂಡರು. "ಆದರೆ ನಾಲ್ಕೂ ಸುವಾರ್ತೆಗಳು ಅಕ್ಷರಶಃ ಒಂದೇ ಆಗಿದ್ದರೆ ನನಗೆ ಇನ್ನೂ ಹೆಚ್ಚು ಸಂಶಯ ಬರುತ್ತಿತ್ತು," ಎಂದರು.

ಗೆಳೆಯ ಕೂಡುತ್ತ ಪಿಸುಗುಟ್ಟಿದ: "ಮುದುಕ ಭಾಳ ಶಾಣ್ಯಾ ಅದಾನಲೇ."

ನಲವತ್ತೆರಡರ ಮಳೆಗಾಲ. ಊಟ ಮುಗಿಸಿ ಖಾನಾವಳಿಯಿಂದ ಹೊರಬರುವಾಗ ಚಲೇಜಾವ್ ಚಳವಳಿಯ ಮೆರವಣಿಗೆ ಚದುರಿ ಓಡಿ ಬಂತು, ಹಿಂದೆಯೇ ಪೊಲೀಸರ ಕುದುರೆಗಳು. ನಾನು ಗೋಡೆಗೆ ಒತ್ತಿ ನಿಂತೆ. ಕುದುರೆಯ ಬಿಸಿಯುಸಿರು ನನ್ನ ಕೊರಳಿಗೆ ತಾಗಿತು. ಬಿದ್ದ ಮುದುಕಿಯನ್ನು ಭುಜ ಹಿಡಿದು ಎಬ್ಬಿಸಲು ಗೆಳೆಯ ಬಾಗಿದ. ಕಲ್ಲೆತ್ತಲು ಬಾಗಿದನೆಂದು ಅವನನ್ನು ಎಳೆದೊಯ್ದರು. ಮುದುಕಿ ಯಾರೋ, ಆಮೇಲೆ ಸಿಗಲೇ ಇಲ್ಲ.

ಮೊಕದ್ದಮೆಯಲ್ಲಿ ಅವನ ಪರ ಸಾಕ್ಷಿಗಳು ನಾಲ್ವರು: ನಾನು, ಇಬ್ಬರು ಸಹಪಾಠಿಗಳು, ಖಾನಾವಳಿಯ ಭಟ್ಟರು. ವಕೀಲರು ಗೆಳೆಯನ ಸೋದರಮಾವನೇ. ನಮ್ಮನ್ನು ಕೂಡಿಸಿಕೊಂಡು ಕೇಳಿದರು: "ಭಟ್ಟರ, ಕುದುರಿ ಎಷ್ಟು?"

"ಎಣಸ್ಲಿಕ್ಕೆ ಅವೇನು ಚಪಾತಿ ಏನ್ರೀ? ಜೀವಾ ಕೈಯಾಗ ಹಿಡಕೊಂಡು ನಿಂತಿದ್ದೆ. ಮುದುಕಿ ಬುಟ್ಟಿ ಉರುಳಿದ್ದು ಮಾತ್ರ ನೋಡೀನಿ."

ಸಹಪಾಠಿಗಳಲ್ಲಿ ಒಬ್ಬ ಕುದುರೆ ಎರಡೆಂದ, ಇನ್ನೊಬ್ಬ ಮೂರೆಂದ. ನಾನು ಬುಟ್ಟಿಯನ್ನೇ ಕಂಡಿರಲಿಲ್ಲ.

"ಹಿಂಗಾದ್ರ ಹುಡುಗ ಯೆರವಡಾ ಜೇಲಿಗೆ ಹೋದಾ ಅಂತ ತಿಳಕೋರಿ," ಎಂದರು ಮಾವ. "ಎಲ್ಲಾರೂ ಎರಡು ಕುದುರಿ ಅನ್ರಿ, ಬುಟ್ಟಿ ಇತ್ತು ಅನ್ರಿ."

ನಾನು ಪಾದ್ರಿಗಳ ಮಾತನ್ನು ಹೇಳಿ ನೋಡಿದೆ.

"ಅದು ದೇವರ ಮನಿ ಮಾತೋ ತಮ್ಮಾ. ಇದು ಸರಕಾರದ ಕೋರ್ಟು. ಸುಮ್ಮನ ಬಾಯಿಪಾಠ ಮಾಡು."

ಕಾನೂನು ಓದಿದವರು, ಹುಡುಗನ ಮಾವ. ಅವರೆದುರು ನಾನು ಏನು ಹೇಳಬಲ್ಲೆ? ಬಾಯಿಪಾಠ ಮಾಡಿದೆವು.

ಕೋರ್ಟಿನಲ್ಲಿ ಮೊದಲು ಭಟ್ಟರು, ಆಮೇಲೆ ಸಹಪಾಠಿಗಳು ಹೇಳಿದರು. ಕೊನೆಗೆ ನಾನು ಕುದುರೆ ಎರಡು ಎನ್ನುತ್ತಿದ್ದಂತೆ ಮ್ಯಾಜಿಸ್ಟ್ರೇಟರು ಬರೆಯುವುದನ್ನು ನಿಲ್ಲಿಸಿದರು. "ಬುಟ್ಟಿಯೂ ಇತ್ತು, ಅಲ್ಲವೇ?" ಎಂದರು. "ನಾಲ್ವರಿಗೂ ಸೇರಿ ಒಂದೇ ಜೊತೆ ಕಣ್ಣೇನು?" ಆರೋಪಿಯ ಕಟಕಟೆಯಿಂದ ಗೆಳೆಯ ನನ್ನನ್ನೇ ನೋಡಿದ. ಪಾದ್ರಿಗಳ ಮಾತು ಅವನಿಗೂ ನೆನಪಾಗಿತ್ತು. ಅವನನ್ನು ಯೆರವಡಾಕ್ಕೆ ಕಳಿಸಿದರು.

ಈಗಲೂ ರಸ್ತೆಯಲ್ಲಿ ಟಾಂಗಾದ ಗೊರಸಿನ ಸದ್ದಾದರೆ ಬೆನ್ನು ತಾನೇ ಗೋಡೆಯನ್ನು ಹುಡುಕುತ್ತದೆ. ಕೊರಳು ಬಿಸಿಯಾಗುತ್ತದೆ. ಗೆಳೆಯ ಬಾಗುತ್ತಾನೆ. ಅವನ ಕೈ ಮುದುಕಿಯ ಭುಜದ ಮೇಲಿದ್ದುದನ್ನು ಇನ್ನೊಮ್ಮೆ ನೋಡಿಕೊಳ್ಳಬೇಕೆಂದು ನಾನು ಇಣುಕುತ್ತೇನೆ. ಆದರೆ ಕುದುರೆಗಳು ಎರಡೇ ಬರುತ್ತವೆ, ನಡುವೆ ಬುಟ್ಟಿ ಉರುಳುತ್ತದೆ. ನಾನು ಕಾಣದೇ ಇದ್ದ ಆ ಬುಟ್ಟಿ ಅವನ ಕೈಯನ್ನು ಮರೆಮಾಡುತ್ತದೆ.