ತೆರೆಗೆ ಬೆನ್ನು ಕೊಟ್ಟು ನಿಂತ ಮಾವಶಿ

ಹೋದ ತಿಂಗಳು ಬೀದರಿನ ಮನೆಯಲ್ಲಿ ಮಗಳು ಹಸಿ ಶೇಂಗಾ ಕುದಿಸಲು ಇಟ್ಟಿದ್ದಳು. ಕುಕ್ಕರಿನ ಮುಚ್ಚಳ ತೆಗೆದಾಗ ಉಪ್ಪು, ಮಣ್ಣು, ಬೆಂದ ಸಿಪ್ಪೆ ಎಲ್ಲ ಕೂಡಿದ ವಾಸನೆ ಬಂತು. ಆ ವಾಸನೆಗೆ ಎಲ್ಲರಿಗೂ ಹಸಿವಾಗುತ್ತದೆ. ನನಗೆ ಕತ್ತಲೆ ನೆನಪಾಗುತ್ತದೆ. ಭಾಲ್ಕಿಯ ಹಳೆಯ ಟಾಕೀಸಿನ ಕತ್ತಲೆ.

ಮದುವೆಯಾಗಿ ಔರಾದ ಕಡೆಯಿಂದ ಭಾಲ್ಕಿಗೆ ಬಂದ ಹೊಸತರಲ್ಲಿ ನಾನು ಆ ಟಾಕೀಸಿನೊಳಗೆ ಕುದಿಸಿದ ಶೇಂಗಾ ಮಾರುತ್ತಿದ್ದೆ. ಗಂಡ ಹೊರಗೆ ಸೋಡಾ ಅಂಗಡಿ ಇಟ್ಟಿದ್ದ. ಹೆಂಗಸರು ಕೂಡುವ ಜಾಗಕ್ಕೆ ಗಂಡಸರು ಕಾಲಿಡುವ ಹಾಗಿರಲಿಲ್ಲ, ಅದಕ್ಕೆ ಬುಟ್ಟಿ ನನ್ನ ತಲೆಯ ಮೇಲೆ ಬಂತು. ನಾನು ನಾಲ್ಕನೇ ಇಯತ್ತೆ ಕಲಿತವಳು, ಬರೆಯುವುದು ನನ್ನ ಕೆಲಸವಲ್ಲ. ಆದರೆ ಆಕೆಯ ಬಗ್ಗೆ ಬರೆಯಲು ಇನ್ನು ಬೇರೆ ಯಾರೂ ಉಳಿದಿಲ್ಲ.

ಆಕೆ ಹೆಂಗಸರ ಗೇಟು ಕಾಯುತ್ತಿದ್ದವಳು. ಎಲ್ಲರೂ ಮಾವಶಿ ಎನ್ನುತ್ತಿದ್ದರು. ನಮ್ಮ ಕಡೆ ತಾಯಿಯ ತಂಗಿಯನ್ನು ಹಾಗೆ ಕರೆಯುತ್ತಾರೆ, ಆಕೆ ಮಾತ್ರ ಯಾರಿಗೂ ಏನೂ ಆಗಿರಲಿಲ್ಲ. ಗಂಡ ಇರಲಿಲ್ಲ, ಮಕ್ಕಳಿರಲಿಲ್ಲ. ಮೆಟ್ಟಿಲ ಕೆಳಗಿನ ಒಂದು ಸಣ್ಣ ಖೋಲಿಯಲ್ಲಿ ಆಕೆಯ ಟ್ರಂಕು, ಒಲೆ, ಹಾಸಿಗೆ. ಗೇಟಿನ ಕೆಲಸ ಹೋದರೆ ಆ ಖೋಲಿಯೂ ಹೋದಂತೆ.

ನಿಜಾಮರ ಕಾಲದ ರೂಢಿ ಆ ಟಾಕೀಸಿನಲ್ಲಿ ಇನ್ನೂ ನಡೆದಿತ್ತು. ಹೆಂಗಸರ ಜಾಗಕ್ಕೆ ಜನಾನಾ ಎನ್ನುತ್ತಿದ್ದರು. ಅದರ ಮುಂದೆ ದಪ್ಪ ಖಾಕಿ ಬಟ್ಟೆಯ ಪರದೆ. ದೀಪ ಆರಿದ ಕೂಡಲೇ ಮಾವಶಿ ಹಗ್ಗ ಎಳೆದು ಪರದೆ ಮೇಲೆತ್ತಬೇಕು, ಆಗ ನಮಗೆ ಸಿನಿಮಾ ಕಾಣುತ್ತಿತ್ತು. ರೀಲು ಹರಿದು ದೀಪ ಹತ್ತಿದರೆ ಹಗ್ಗ ಬಿಟ್ಟು ಪರದೆ ಕೆಡವಬೇಕು, ಗಂಡಸರಿಗೆ ನಾವು ಕಾಣಬಾರದು. ಅದಕ್ಕಾಗಿ ಆಟ ಮುಗಿಯುವವರೆಗೆ ಆಕೆ ಹಗ್ಗ ಹಿಡಿದು, ಮುಖ ನಮ್ಮ ಕಡೆ ಮಾಡಿ, ಸಿನಿಮಾದ ತೆರೆಗೆ ಬೆನ್ನು ಕೊಟ್ಟು ನಿಂತಿರುತ್ತಿದ್ದಳು. ಅಷ್ಟು ವರ್ಷ ಟಾಕೀಸಿನಲ್ಲಿದ್ದರೂ ಆಕೆ ಒಂದು ಸಿನಿಮಾ ನೋಡಿದವಳಲ್ಲ.

"ನಿಮ್ಮ ಮಾರಿ ನೋಡ್ತೇನಲ್ಲ, ಸಾಕು" ಎನ್ನುತ್ತಿದ್ದಳು. "ಯಾರು ಅಳ್ತಾರ, ಯಾರು ನಗ್ತಾರ, ಎಲ್ಲಾ ನಿಮ್ಮ ಮಾರಿ ಮ್ಯಾಲೇ ಬರ್ತದ."

ಆಮೇಲೆ ಆ ದೆವ್ವದ ಸಿನಿಮಾ ಬಂತು.

ಅದರ ಶುರುವಾತು ಇವತ್ತಿಗೂ ನನ್ನ ಕಣ್ಣ ಮುಂದಿದೆ. ಹಾಡಿಲ್ಲ, ಮಾತಿಲ್ಲ. ಮೊದಲು ಕತ್ತಲೆಯಲ್ಲಿ ಬಾವಿಯ ರಾಟೆಯ, ನಮ್ಮ ಕಡೆಯ ಗಡಗಡಿಯ, ಸಪ್ಪಳ ಮಾತ್ರ, ಕಿರ್… ಕಿರ್… ಆಮೇಲೆ ದೂರದಲ್ಲಿ ಒಂದು ಹಿತ್ತಲು. ಒಬ್ಬ ಹೆಂಗಸು ನಮಗೆ ಬೆನ್ನು ಮಾಡಿ ನೀರು ಸೇದುತ್ತಿದ್ದಾಳೆ. ಆಕೆ ಸ್ವಲ್ಪ ಸ್ವಲ್ಪವೇ ಹತ್ತಿರವಾಗುತ್ತಾಳೆ. ಆಕೆ ಬರುತ್ತಿಲ್ಲ, ಯಾರೋ ಆಕೆಯ ಕಡೆ ಹೋಗುತ್ತಿದ್ದಾರೆ. ಯಾರೆಂದು ತೋರಿಸುವುದಿಲ್ಲ. ಹೋಗುವವರ ಕಣ್ಣನ್ನು ನಮಗೇ ಕೊಟ್ಟುಬಿಟ್ಟಿರುತ್ತಾರೆ. ಆಕೆಯ ಹೆರಳು, ಕುತ್ತಿಗೆ, ಕುತ್ತಿಗೆಯ ಬೆವರು. ಗಡಗಡಿ ನಿಲ್ಲುತ್ತದೆ. ಆಕೆ ತಿರುಗುವುದಿಲ್ಲ. ಸಪ್ಪಳ ನಿಂತಿದೆ, ಕೈಯೂ ನಿಂತಿದೆ, ಆದರೆ ಹಗ್ಗ ಮಾತ್ರ ತಾನೇ ಕೆಳಗೆ ಇಳಿಯುತ್ತಿದೆ… ಆಮೇಲೆ ತೆರೆ ಪೂರ್ತಿ ಕಪ್ಪಾಗುತ್ತದೆ. ಆ ಕಪ್ಪಿನೊಳಗೆ ಕೊಡ ನೀರಿಗೆ ಬಿದ್ದ ಸಪ್ಪಳ.

ಮೊದಲ ದಿನವೇ ಒಬ್ಬ ಬಸುರಿ ಎದ್ದು ಹೊರಗೆ ಓಡಿದಳು. ಓಣಿಯ ಅತ್ತೆಯಂದಿರೆಲ್ಲ ಸೊಸೆಯರನ್ನು ಕಳಿಸುವುದಿಲ್ಲ ಎಂದು ಕೂತರು. ಗಂಡಸರ ಕಡೆ ಸೀಟು ಸಿಗುತ್ತಿರಲಿಲ್ಲ, ಜನಾನಾದಲ್ಲಿ ನನ್ನ ಬುಟ್ಟಿ ಬಿಟ್ಟರೆ ಏನೂ ಇರಲಿಲ್ಲ. ಮಾಲಕರು ಬಂದು ಖಾಲಿ ಬೆಂಚು ನೋಡಿದರು.

"ಮಾವಶಿ, ಈ ಪಿಚ್ಚರ್ ಇರೋದ್ರಾಗ ಹೆಣ್ಣಮಕ್ಕಳು ಬಂದ್ರ ಬಂದ್ರು. ಇಲ್ಲಂದ್ರ ಪರದಾ ಬಿಚ್ಚಿ ಗಂಡಸರಿಗಿ ಕೊಡ್ತೇನಿ. ನೀ ಬ್ಯಾರೆ ಕಡಿ ನೋಡ್ಕೋ."

ಮರುದಿನ ಬೆಳಿಗ್ಗೆ ಆಕೆ ಕಚ್ಚೆ ಸೀರೆ ಬಿಗಿದುಕೊಂಡು ಮನೆಮನೆಗೆ ಹೊರಟಳು. ನಾನೂ ಹಿಂದೆ ಹೋದೆ, ನನ್ನ ಶೇಂಗಾ ಮಾರಾಟವಾಗಬೇಕಲ್ಲ. ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದ ಒಬ್ಬ ಅತ್ತೆಗೆ ಹೇಳಿದಳು:

"ಅಂಜಿಕಿ ಎಲ್ಲಿ ಅದ ನನಗ ಗೊತ್ತದರಿ. ಗಡಗಡಿ ಒದರೋತನಾ ಏನೂ ಇಲ್ಲ. ಅದು ನಿಂತಾಗ ಅದ. ನಿಲ್ಲೋಕಿಂತ ಮೊದಲೇ ನಾ ಹೇಳ್ತೇನಿ, ಎಲ್ಲಾರೂ ಕಣ್ಣು ಮುಚ್ಕೊಳ್ರಿ."

"ನೀನೇ ನೋಡಿಲ್ಲಂತ, ಹ್ಯಾಂಗ ಹೇಳ್ತಿ?" ಎಂದಳು ಅತ್ತೆ.

"ಕಿವಿ ಅದಾವಲ್ಲ. ಮತ್ತ ಈಕಿ ಅದಾಳ" ಎಂದು ನನ್ನನ್ನು ತೋರಿಸಿದಳು. "ಗಡಗಡಿ ನಿಂತ್ರ ಈಕಿ ಬುಟ್ಟಿ ಹಿಡ್ಕೊಂಡು ಬಾಯಿ ತಕ್ಕೊಂಡು ನಿಲ್ತಾಳ. ಒಳಗ ಹಲ್ಲು ಎಣಿಸಬಹುದು."

ಅತ್ತೆ ನಕ್ಕಳು. ಅಂದು ಮಧ್ಯಾಹ್ನ ಸೊಸೆಯ ಜೊತೆ ತಾನೂ ಬಂದಳು.

ಕತ್ತಲೆಯಲ್ಲಿ ಮಾವಶಿಯ ದನಿ ದೊಡ್ಡದಾಗಿ ಕೇಳುತ್ತಿತ್ತು. "ಇನ್ನೂ ಇಲ್ಲ… ಇನ್ನೂ ಇಲ್ಲ… ಈಗ ಮುಚ್ರಿ." ಎಲ್ಲರೂ ಮುಚ್ಚುತ್ತಿದ್ದರು. ಮುಚ್ಚಿದ ಕಣ್ಣಿನೊಳಗೆ ಕೊಡ ಬೀಳುವ ಸಪ್ಪಳ ಮೊದಲಿಗಿಂತ ಹೆಚ್ಚು ಎದೆಗೆ ಹೊಡೆಯುತ್ತಿತ್ತು. ಬರುತ್ತದೆ ಎಂದು ಗೊತ್ತಿರುವ ಹೆದರಿಕೆ ಬೇರೆ ನಮೂನೆಯದು, ಅದಕ್ಕೆ ರುಚಿ ಇದೆ. ಕಿರುಚಿ, ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು. ಆ ವಾರದೊಳಗೆ ಜನಾನಾ ತುಂಬಿತು. ಔರಾದಿನಿಂದ ಬಸ್ಸು ಹಿಡಿದು ಬಂದರು. ಮಾಲಕರು ಮತ್ತೆ ಪರದೆಯ ಮಾತೆತ್ತಲಿಲ್ಲ. ಮಾವಶಿ ತನ್ನ ಖೋಲಿಗೆ ಸುಣ್ಣ ಬಳಿದುಕೊಂಡಳು.

ಒಂದು ಮಧ್ಯಾಹ್ನದ ಆಟಕ್ಕೆ ಮಷೀನಿನ ಸೌಂಡ್ ಕೆಟ್ಟಿತು. ದೀಪ ಆರಿತು, ಮಾವಶಿ ಹಗ್ಗ ಎಳೆದಳು, ತೆರೆಯ ಮೇಲೆ ಹಿತ್ತಲು ಬಂತು. ಗಡಗಡಿಯ ಸಪ್ಪಳ ಬರಲಿಲ್ಲ. ಗಂಡಸರ ಕಡೆ ಸೀಟಿ ಹೊಡೆದರು. ನಮಗೇನೂ ಹೆದರಿಕೆಯಾಗಲಿಲ್ಲ. ಸಪ್ಪಳವಿಲ್ಲದಿದ್ದರೆ ಅದು ಬರೀ ನೀರು ಸೇದುವ ಹೆಂಗಸು, ನಮ್ಮ ಹಿತ್ತಲಲ್ಲಿ ದಿನಾ ಇರುವವಳು. ಆದರೆ ಮಾವಶಿಗೆ ಕಥೆ ಎಲ್ಲಿಗೆ ಬಂದಿದೆಯೆಂದು ತಿಳಿಯಲಿಲ್ಲ. ಆಕೆ ಕಿವಿ ನಂಬಿ ನಡೆದವಳು.

"ಮಾವಶಿ, ಮುಚ್ಚಲೇನರಿ?" ಎಂದು ಯಾರೋ ಕೇಳಿದರು.

"ಮಾವಶಿಗಿ ನಿದ್ದಿ ಬಂದದ" ಎಂದು ಇನ್ನೊಬ್ಬಳು.

ಆಗ ಆಕೆ ತಿರುಗಿದಳು. ಹಗ್ಗ ಕೈಯಲ್ಲೇ ಇತ್ತು. ತೆರೆಯ ಬೆಳಕು ಆಕೆಯ ಮುಖದ ಮೇಲೆ ಬಿತ್ತು. ತೆರೆಯ ಮೇಲೆ ಒಬ್ಬ ಹೆಂಗಸು ಬೆನ್ನು ಕೊಟ್ಟು, ಹಗ್ಗ ಹಿಡಿದು ನಿಂತಿದ್ದಳು. ಹಿಂದಿನಿಂದ ಏನೋ ಆ ಹೆಂಗಸಿನ ಕಡೆ ಸಾವಕಾಶವಾಗಿ ಹೋಗುತ್ತಿತ್ತು… ನಾನು ಶೇಂಗಾ ಅಳೆಯುವುದು ಬಿಟ್ಟು ಮಾವಶಿಯನ್ನೇ ನೋಡಿದೆ. ಬಾಯಿ ತೆರೆದಿದ್ದಳು. ಮುಚ್ರಿ ಎಂಬ ಕರೆ ಬರಲಿಲ್ಲ. ಕೈ ಸಡಿಲಾಗಿ, ಅಷ್ಟು ದೊಡ್ಡ ಖಾಕಿ ಪರದೆ ಧಪ್ಪೆಂದು ನಮ್ಮ ಮುಂದೆ ಬಿತ್ತು.

ಹೆಂಗಸರು ಗದ್ದಲ ಮಾಡಿದರು. ಆಕೆ ಪರದೆ ಎತ್ತಿದಳು, ಆದರೆ ಮೊದಲಿನ ಜಾಗದಲ್ಲಿ ನಿಲ್ಲಲಿಲ್ಲ. ಹಗ್ಗವನ್ನು ಮೊಳೆಗೆ ಸುತ್ತಿ, ಗೋಡೆಗೆ ಬೆನ್ನು ಹಚ್ಚಿ ನಿಂತಳು. ಸೌಂಡ್ ರಿಪೇರಿಯಾದ ಮೇಲೂ ಅಲ್ಲೇ. ಆ ಸಿನಿಮಾ ಹೋಗಿ ಹಾಡು ಕುಣಿತದ್ದು ಬಂದಾಗಲೂ ಗೋಡೆ ಬಿಡಲಿಲ್ಲ. ಒಮ್ಮೆ ನಡುವೆ ದೀಪ ಹತ್ತಿತು. ಆಕೆ ಮೊಳೆಯಿಂದ ಹಗ್ಗ ಬಿಡಿಸುವಷ್ಟರಲ್ಲಿ ಗಂಡಸರೆಲ್ಲ ಇತ್ತ ತಿರುಗಿ ನೋಡಿದ್ದರು. ಮಾರನೆಯ ದಿನ ನಾಲ್ಕು ಮನೆಯವರು ಮಾಲಕರ ಹತ್ತಿರ ಜಗಳಕ್ಕೆ ಬಂದರು.

ಮಾಲಕರು ಕೆಟ್ಟವರಲ್ಲ. "ಮೊದಲಿನಂಗ ನಿಂದ್ರು ಮಾವಶಿ, ಮುಗೀತು" ಎಂದರು. ಆಕೆ ಹಾಗೆ ನಿಲ್ಲಲು ಪ್ರಯತ್ನಪಟ್ಟಳು. ಇಂಟರ್ವಲ್ ತನಕ ತಡೆಯಲಿಲ್ಲ. ಕುತ್ತಿಗೆ ಒರೆಸಿಕೊಳ್ಳುತ್ತಾ ಮತ್ತೆ ಗೋಡೆಗೆ ಹೋದಳು. ಮರುದಿನ ಗೇಟಿನ ಬೀಗದ ಕೈ ತಾನೇ ಕೊಟ್ಟು ಖೋಲಿ ಬಿಟ್ಟಳು.

ಜನವಾಡದಲ್ಲಿ ದೂರದ ತಂಗಿಯೊಬ್ಬಳಿದ್ದಾಳೆ ಎಂದು ಹೊರಟಾಗ ನಾನು ಬಸ್ ಸ್ಟ್ಯಾಂಡಿಗೆ ಹೋಗಿದ್ದೆ. ಕಂಬಕ್ಕೆ ಬೆನ್ನು ಹಚ್ಚಿ ಟ್ರಂಕಿನ ಮೇಲೆ ಕೂತಿದ್ದಳು. ನಾನು ಸಿಟ್ಟಿನಿಂದಲೇ ಹೇಳಿದೆ, "ಅದು ದೆವ್ವ ಅಲ್ರಿ ಮಾವಶಿ. ಕಡೀಗಿ ತೋರಿಸ್ತಾರ. ಹೊಲದ ಆಸೇಕ ಆಕಿ ಮೈದುನ ಬಂದಿರ್ತಾನ. ಮೀಸಿ ಅದಾವ, ಧೋತ್ರ ಅದ."

ಆಕೆ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು, ಜನಾನಾದಲ್ಲಿ ನೋಡುತ್ತಿದ್ದಂತೆ.

"ಅದು ನಿಮಗ" ಎಂದಳು. "ನಾ ನೋಡಿದ್ದರಾಗ ಯಾರೂ ಇರ್ಲಿಲ್ಲ."

ಬಸ್ಸು ಬಂತು. ಹಿಂದಿನ ಕೊನೆಯ ಸೀಟಿಗೆ ಹೋಗಿ ಕೂತಳು.

ಮತ್ತೆ ಕಾಣಲಿಲ್ಲ. ತೀರಿಕೊಂಡ ಸುದ್ದಿ ಬಂದಾಗ ಎಲ್ಲ ಮುಗಿದು ಬಹಳ ದಿನವಾಗಿತ್ತು. ಟಾಕೀಸು ಕೆಡವಿದ ಜಾಗದಲ್ಲಿ ಈಗ ಟೈರಿನ ಅಂಗಡಿ. ಹೆಂಗಸರು ಪರದೆಯಿಲ್ಲದೆ ಎಲ್ಲಿ ಬೇಕಾದಲ್ಲಿ ಕೂಡುತ್ತಾರೆ, ಒಳ್ಳೆಯದೇ ಆಯಿತು. ಆಕೆ ಹೋದದ್ದಕ್ಕೆ ನಾನು ಆಗ ಅಳಲಿಲ್ಲ, ಈಗಲೂ ಅಳುವುದಿಲ್ಲ. ಆದರೆ ನಾನು ಹೆದರುವ ಮುಂಚೆಯೇ ನನ್ನ ಮುಖ ನೋಡಿ ತಿಳಿದುಕೊಳ್ಳುತ್ತಿದ್ದವಳು ಆಕೆಯೊಬ್ಬಳೇ. ಆಮೇಲೆ ಅಷ್ಟು ಗಮನವಿಟ್ಟು ನನ್ನನ್ನು ಯಾರೂ ನೋಡಿಲ್ಲ.

ಮೊಮ್ಮಗಳಿಗೆ ದೆವ್ವದ ಸಿನಿಮಾದ ಹುಚ್ಚು. ಹೆದರಿಕೆ ಬಂತೆಂದರೆ ಟಿವಿಯ ಸೌಂಡ್ ತೆಗೆದುಬಿಡುತ್ತಾಳೆ. ಸಪ್ಪಳ ಹೋದರೆ ಅಂಜಿಕೆಯೂ ಹೋಗುತ್ತದಂತೆ. ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿರುತ್ತೇನೆ, ಟಿವಿ ನನ್ನ ಬೆನ್ನ ಹಿಂದೆ. ಮನೆ ಒಮ್ಮೆಲೇ ಸುಮ್ಮನಾಗುತ್ತದೆ. ನನ್ನ ಕೈ ನಿಲ್ಲುತ್ತದೆ.

"ಅಜ್ಜಿ, ಯಾಕ ನಿಂತಿ?"

"ಸೌಂಡ್ ಹಚ್ಚವಾ."

"ಒಂದ್ ನಿಮಿಷ ತಡಿ, ಇನ್ನೂ ಹೋಗಿಲ್ಲ" ಎನ್ನುತ್ತಾಳೆ.

ಏನು ಹೋಗಿಲ್ಲ ಎಂದು ನಾನು ಕೇಳುವುದಿಲ್ಲ. ತಿರುಗಿಯೂ ನೋಡುವುದಿಲ್ಲ.