ಭಾವನ ಕೂಲಿ ಕಲ್ಲಾದ ಕತೆ

ಬೆಳಿಗ್ಗೆ ಹಿತ್ತಿಲ ಕಡೆಯಿಂದ ಪುಕ್ಕ ಸುಟ್ಟ ವಾಸನೆ ಬಂತು. ನೆರೆಮನೆಯವರು ನಿನ್ನೆಯ ಕೋಳಿಅಂಕದಲ್ಲಿ ಗೆದ್ದು ತಂದ ಹುಂಜವನ್ನು ಬೆಂಕಿಗೆ ಹಿಡಿದಿದ್ದಾರೆ ಅಂತ ಮೂಗಿಗೇ ಗೊತ್ತಾಯಿತು. ನಮ್ಮ ಕಡೆ ಅಂಕದಲ್ಲಿ ಸೋತ ಹುಂಜ ಗೆದ್ದವನ ಪಾಲು. ಅದರ ಸಾರಿಗೆ ಬೇರೆಯೇ ರುಚಿ ಅಂತ ತಿಂದವರೆಲ್ಲ ಹೇಳುತ್ತಾರೆ. ಇರಬಹುದು. ಆದರೆ ನನಗೆ ಆ ವಾಸನೆಗೆ ಹಸಿವಾಗುವುದಿಲ್ಲ, ದೂಮಪ್ಪ ಭಾವನ ನೆನಪಾಗುತ್ತದೆ. ಅವರು ಸಾಕಿದ ಎಷ್ಟೋ ಹುಂಜಗಳು ಹೀಗೇ ಬೇರೆಯವರ ಹಿತ್ತಿಲಲ್ಲಿ ಬೆಂದವು.

ಭಾವ ಅಂದರೆ ನನ್ನ ಅಕ್ಕ ಕಲ್ಯಾಣಿಯ ಗಂಡ. ನಾನು ಪುತ್ತಿಗೆ ಕಡೆಯ ಗುಡ್ಡದಲ್ಲಿ ಕೆಂಪುಕಲ್ಲು ಕಡಿದು ತೆಗೆಯುವ ಕೋರೆ ಮಾಡಿಕೊಂಡವನು. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟೆ. ಅದಕ್ಕೆ ಬೇಸರವೂ ಇಲ್ಲ. ಕುಂಬಳೆಯಿಂದ ಈಚೆಗೆ ಯಾವ ಗೋಡೆ ಕಂಡರೂ ಇದರಲ್ಲಿ ನನ್ನ ಕಲ್ಲು ಉಂಟು ಅಂತ ಕೇಳದವರಿಗೂ ಹೇಳುವ ಚಟ ನನ್ನದು. ನೆಲದೊಳಗೆ ಇರುವಾಗ ಕೆಂಪುಕಲ್ಲು ಬೆಲ್ಲದ ಅಚ್ಚಿನ ಹಾಗೆ ಮೆತ್ತಗೆ, ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿ. ಇದನ್ನು ಇಲ್ಲಿ ಹೇಳಬೇಕಾದ್ದೇ ಇರಲಿಲ್ಲ. ಕಲ್ಲಿನ ಸುದ್ದಿ ಬಂದರೆ ನನ್ನ ಬಾಯಿ ನಿಲ್ಲುವುದಿಲ್ಲ, ನೀವು ಸಹಿಸಿಕೊಳ್ಳಬೇಕು.

ಎರಡನೇ ಮಹಾಯುದ್ಧ ಮುಗಿದ ಹೊಸತು, ಅಕ್ಕಿ ರೇಷನಿನಲ್ಲಿ ಸಿಗುತ್ತಿದ್ದ ಕಾಲ. ಭಾವ ನನ್ನ ಕೋರೆಯ ದೊಡ್ಡ ಕಡಿತಗಾರ. ಅವರು ಉದ್ದ ಹಿಡಿಯ ಕೊಡಲಿ ಎತ್ತಿದರೆ ಕಲ್ಲಿನ ಅಂಚು ನೂಲು ಹಿಡಿದ ಹಾಗೆ ಬರುತ್ತಿತ್ತು. ಶನಿವಾರ ನಾನು ಕೂಲಿ ಕೊಡುವುದು, ಆದಿತ್ಯವಾರ ಅವರು ಅದನ್ನು ಅಂಕದಲ್ಲಿ ಕಳೆಯುವುದು. ಇದು ಪೂಜೆ ನೈವೇದ್ಯದಷ್ಟೇ ಕ್ರಮವಾಗಿ ನಡೆಯುತ್ತಿತ್ತು.

ಅದರಲ್ಲಿ ನನ್ನದೂ ಒಂದು ಸೇವೆ ಇತ್ತು. ಯಾವ ದಿನ ಯಾವ ಬಣ್ಣದ ಹುಂಜ ಯಾವ ದಿಕ್ಕಿಗೆ ನಿಂತರೆ ಗೆಲ್ಲುತ್ತದೆ ಅಂತ ಹೇಳುವ ಕುಕ್ಕುಟ ಪಂಚಾಂಗ ಅಂತ ಒಂದು ಉಂಟು. ಭಾವನಿಗೆ ಓದಲು ಬಾರದು. ಶನಿವಾರ ಸಂಜೆ ನಾನೇ ಓದಿ ಹೇಳಬೇಕು. ನನ್ನ ಮೂರನೇ ಕ್ಲಾಸಿನ ವಿದ್ಯೆಗೆ ಅಷ್ಟು ಮರ್ಯಾದೆ ಮತ್ತೆಲ್ಲಿಯೂ ಸಿಕ್ಕಿಲ್ಲ.

"ಬೊಳ್ಳೆಗೆ ಜಯ ಅಂತ ಉಂಟಾ? ಸರಿಯಾಗಿ ನೋಡು ಮಾರಾಯ."

"ಬಿಳಿ ಹುಂಜಕ್ಕೇ ಜಯ. ಮೂಡು ದಿಕ್ಕಿಗೆ."

ಮರುದಿನ ಬಿಳಿ ಹುಂಜ ಮಲಗಿತು. ಭಾವ ಬಂದು ಹೇಳಿದರು, "ಪಂಚಾಂಗ ತಪ್ಪಲ್ಲ ಮಾರಾಯ. ಬಿಡುವಾಗ ಹುಂಜ ಒಂಚೂರು ತೆಂಕಿಗೆ ವಾಲಿತು."

ಪಂಚಾಂಗದ ಮೇಲೆ ಅವರಿಗೆ ಅಷ್ಟು ನಂಬಿಕೆ. ಹುಂಜಕ್ಕೂ ಅದನ್ನು ಓದಿ ಹೇಳಬೇಕಿತ್ತೋ ಏನೋ.

ಕೈಯ ದುಡ್ಡು ಮುಗಿದ ಮೇಲೆ ಭಾವ ಸಂಕಪ್ಪಣ್ಣನಿಂದ ಸಾಲ ಮಾಡತೊಡಗಿದರು. ಸಂಕಪ್ಪಣ್ಣ ಅಂಕದ ಕಳದ ಬದಿಯಲ್ಲೇ ವೀಳ್ಯ ಜಗಿಯುತ್ತ ಕೂತು, ಸೋತವರಿಗೆ ಇನ್ನೊಮ್ಮೆ ಸೋಲಲು ಸಹಾಯ ಮಾಡುತ್ತಿದ್ದ ಮನುಷ್ಯ. ಬಡ್ಡಿ ಬೆಳೆಯಿತು. ಮನೆ ಅಡಿಯ ಜಾಗವನ್ನು ಬರೆದುಕೊಡುವ ಮಾತು ಬಂದ ದಿನ ಅಕ್ಕ ಮೂರು ಮಕ್ಕಳನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದಳು. ಚಾಪೆ ತಂದಿದ್ದಳು, ಅಕ್ಕಿ ಅಳೆಯುವ ಸೇರನ್ನೂ ತಂದಿದ್ದಳು. ಸೇರನ್ನು ಕಂಡೇ ನನ್ನವಳಿಗೆ ಅರ್ಥವಾಯಿತು, ಇದು ನಾಲ್ಕು ದಿನದ ನೆಂಟಸ್ತಿಕೆ ಅಲ್ಲ ಅಂತ.

ನಮ್ಮದು ಅಳಿಯಕಟ್ಟು, ತಾಯಿಮನೆ ಅಂದರೆ ಮೊದಲು ಹೆಣ್ಣುಮಕ್ಕಳದ್ದು. ಅಕ್ಕ ಒಳಗೆ ಬಂದ ಮೇಲೆ ಮಲಗಲು ನಾನೇ ಚಾವಡಿಗೆ ಹೋದೆ. ಅವಳ ಮಾತು ಒಂದೇ: "ಸಾಲ ತೀರಬೇಕು. ತೀರಿದ ಮೇಲೆ ಅವರ ಕೈ ಅವರ ಮಾತು ಕೇಳಬೇಕು. ಅಲ್ಲಿವರೆಗೆ ಆ ಮನೆಯ ಒಲೆ ಹತ್ತುವುದಿಲ್ಲ."

ಭಾವ ದಿನಾ ಸಂಜೆ "ಮಕ್ಕಳನ್ನು ನೋಡಿ ಹೋಗುವ ಅಂತ" ಬಂದು, ನೋಡಿ, ಉಂಡು, ತಲೆ ತಗ್ಗಿಸಿ ಹೋಗುತ್ತಿದ್ದರು. ನಾನು ಕೂಲಿಯ ಜೊತೆಗೆ ಉಪದೇಶವನ್ನೂ ಕೊಡಲು ಶುರುಮಾಡಿದೆ. ಅವರು ಕೂಲಿ ಎಣಿಸಿ ತೆಗೆದುಕೊಂಡರು, ಉಪದೇಶವನ್ನು ಅಲ್ಲೇ ಬಿಟ್ಟು ಹೋದರು.

ಒಂದು ದಿನ ಅಕ್ಕ ಕೋರೆಗೆ ಗಂಜಿ ತಂದವಳು, ಪೇರಿಸಿಟ್ಟ ಕಲ್ಲನ್ನು ನೋಡುತ್ತ ನಿಂತಳು.

"ಇನ್ನು ಮುಂದೆ ಅವರಿಗೆ ದುಡ್ಡು ಕೊಡಬೇಡ. ಕೂಲಿಗೆ ಎಷ್ಟು ಕಲ್ಲು ಆಗ್ತದೋ ಅಷ್ಟು ಆಚೆ ಬದಿಯಲ್ಲಿ ಇಡು."

"ಕಲ್ಲು ತೆಗೆದುಕೊಂಡು ಎಂತ ಮಾಡುವುದು?"

"ಅದೇ ನಾನು ಹೇಳುವುದು. ಎಂತ ಮಾಡ್ಲಿಕ್ಕೆ ಆಗ್ತದೆ?"

ಸಂಕಪ್ಪಣ್ಣ ಆಗ ಹೊಸ ಮನೆಗೆ ಪಂಚಾಂಗ ಹಾಕಿಸುತ್ತಿದ್ದ. ಗಾಬರಿ ಬೇಡ, ಇದು ಕೋಳಿಯದ್ದಲ್ಲ, ಗೋಡೆಯ ಅಡಿಪಾಯ. ಅಕ್ಕ ನೇರ ಅವನ ಅಂಗಳಕ್ಕೆ ಹೋದಳು. ನಾನು ಹಿಂದಿನಿಂದ ಹೋದೆ. ಸಾಲದ ಬಾಬ್ತು ಭಾವನ ಕೂಲಿಯ ಕಲ್ಲು ತೆಗೆದುಕೊಳ್ಳಿ ಅಂದಳು.

"ನಾನು ಕೊಟ್ಟದ್ದು ದುಡ್ಡು ಕಲ್ಯಾಣಿಯಕ್ಕ. ಕಲ್ಲು ತಿನ್ಲಿಕ್ಕೆ ಆಗ್ತದಾ?" ಅಂದ ಸಂಕಪ್ಪಣ್ಣ.

"ಬಡ್ಡಿ ತಿಂದು ಹೊಟ್ಟೆ ತುಂಬಿದೆಯಲ್ಲ, ಇನ್ನು ಗೋಡೆ ಎಬ್ಬಿಸಿ. ಹೇಗೂ ನನ್ನ ತಮ್ಮನಿಂದ ಕಲ್ಲು ತೆಗೆದುಕೊಳ್ಳುವವರು ನೀವು. ಆ ದುಡ್ಡು ನಿಮ್ಮ ಕೈಯಲ್ಲೇ ಉಳಿಯಲಿ, ನಮ್ಮ ಸಾಲ ಇಳಿಯಲಿ. ಬಡ್ಡಿ ಇವತ್ತಿಗೆ ನಿಲ್ಲಬೇಕು. ಇಲ್ಲದಿದ್ದರೆ ಕಲ್ಲು ದೂರದ ಮೀಂಜದಿಂದ ಗಾಡಿಯಲ್ಲಿ ತರಿಸಿಕೊಳ್ಳಿ."

ಗಾಡಿಯ ಬಾಡಿಗೆ ನೆನೆದು ಸಂಕಪ್ಪಣ್ಣನ ವೀಳ್ಯ ಬಾಯಲ್ಲೇ ನಿಂತಿತು. ಒಪ್ಪಿದ. ಭಾವನೂ ಒಪ್ಪಿದರು, ಬೇರೆ ದಾರಿ ಇರಲಿಲ್ಲ.

ಆದರೆ ಅಭ್ಯಾಸ ನೋಡಿ. ಎರಡನೇ ಆದಿತ್ಯವಾರವೇ ಭಾವ ಬರಿಗೈಯಲ್ಲಿ ಅಂಕಕ್ಕೆ ಹೋಗಿ, ಕಳದ ನಡುವೆ ನಿಂತು, "ಕೆಂಪು ಹುಂಜಕ್ಕೆ ನನ್ನದು ನೂರು ಕಲ್ಲು!" ಅಂತ ಕೂಗಿದರಂತೆ.

"ಕಲ್ಲು ಎಲ್ಲಿ ಉಂಟು ದೂಮಪ್ಪಣ್ಣ?"

"ಕೋರೆಯಲ್ಲಿ."

"ಗೆದ್ದವನ ಮನೆಗೆ ಹೊರುವುದು ಯಾರು, ನಿಮ್ಮ ಹುಂಜವಾ?"

ಆ ದಿನ ಅಂಕ ನೋಡಿದವರಿಗಿಂತ ಭಾವನನ್ನು ನೋಡಿ ನಕ್ಕವರೇ ಹೆಚ್ಚು. ಅವರು ಸೀದಾ ನಮ್ಮ ಮನೆಗೆ ಬಂದು ಜಗಲಿಯಲ್ಲಿ ಕೂತು ಗುಡುಗಿದರು. "ನನ್ನ ಮರ್ಯಾದೆ ತೆಗೆದೆ ನೀನು!"

ಅಕ್ಕ ಒಳಗಿನಿಂದಲೇ ಕೇಳಿದಳು, "ಅದು ಇನ್ನೂ ಉಂಟಾ? ನಾನು ಅದನ್ನೂ ಹುಂಜಕ್ಕೆ ಪಣ ಕಟ್ಟಿ ಆಗಿದೆ ಅಂತ ಎಣಿಸಿದ್ದೆ."

ಭಾವ ಅಂದು ಉಣ್ಣದೆ ಹೋದರು. ಮರುದಿನದಿಂದ ಬಿಸಿಲೇರುವ ಮೊದಲೇ ಕೋರೆಯಲ್ಲಿ ಅವರ ಕೊಡಲಿಯ ಸದ್ದು. ಸಿಟ್ಟಿನಲ್ಲಿ ಕಡಿದ ಕಲ್ಲಾದರೂ ಅಂಚು ನೇರವೇ ಇತ್ತು. ಅತ್ತ ಸಂಕಪ್ಪಣ್ಣನ ಗೋಡೆ ಏರಿತು, ಇತ್ತ ಸಾಲ ಇಳಿಯಿತು. ಗೋಡೆ ಕಿಟಕಿಯ ಮಟ್ಟಕ್ಕೆ ಬಂದಾಗ, ಭಾವ ದಾರಿಯಲ್ಲಿ ನಿಂತು ಅದನ್ನು ನೋಡುವುದನ್ನು ನಾನೇ ಕಂಡೆ. ಕಳೆದುಕೊಂಡದ್ದು ಎಷ್ಟು ಅಂತ ಅವರಿಗೆ ಲೆಕ್ಕದಲ್ಲಿ ಹೇಳಿದವರು ಬಹಳ. ಗೋಡೆಯಲ್ಲಿ ತೋರಿಸಿದವರು ಇರಲಿಲ್ಲ.

ಮಳೆ ಹಿಡಿಯುವ ಮುಂಚೆ ಸಾಲ ತೀರಿತು. ನನ್ನವಳು ಸಂತೋಷದಿಂದ ಅಕ್ಕನ ಚಾಪೆ ಕೊಡವಿದಳು. ಅಕ್ಕ ಏಳಲಿಲ್ಲ. "ಈ ಶನಿವಾರ ಅವರಿಗೆ ದುಡ್ಡೇ ಕೊಡು," ಅಂದಳು. ಕೊಟ್ಟೆ.

ಆದಿತ್ಯವಾರ, ಅಂಕಕ್ಕೆ ಜನ ಹೋಗುವ ಹೊತ್ತಿಗೆ ಭಾವ ಅಂಗಳಕ್ಕೆ ಬಂದರು. ಸೊಂಟದಿಂದ ದುಡ್ಡಿನ ಗಂಟು ಬಿಚ್ಚಿ ಅಕ್ಕನ ಕೈಗೆ ಹಾಕಿದರು.

"ಹಿಡಿ. ಸೊಂಟದಲ್ಲಿ ಇದ್ದರೆ ನನಗೆ ಹುಂಜದ ಸ್ವರವೇ ಕೇಳ್ತದೆ."

ಅಕ್ಕ ದುಡ್ಡು ಸೆರಗಿಗೆ ಕಟ್ಟಿಕೊಂಡಳು. ಬಗ್ಗಿ ಚಾಪೆ ಸುತ್ತಿದಳು. ಕಣ್ಣು ಒರೆಸಿಕೊಂಡಳೋ, ಚಾಪೆಯ ಧೂಳೋ, ನಾನು ಕೇಳಲಿಲ್ಲ.

ಇಷ್ಟು ನೆನಪಾದ ಮೇಲೆ ಕೂರಲಾಗದೆ ಇವತ್ತು ಅವರ ಮನೆಗೆ ಹೋದೆ. ಭಾವನಿಗೆ ಈಗ ತಲೆ ಪೂರಾ ಬೆಳ್ಳಗೆ. ಜಗಲಿಯಲ್ಲಿ ಕೂತು ಬೀಡಿಗೆ ಚಿಲ್ಲರೆ ಕೇಳುತ್ತಿದ್ದರು, ಅಕ್ಕ ಒಳಗಿನಿಂದ ಇಲ್ಲ ಅನ್ನುತ್ತಿದ್ದಳು.

"ಭಾವ, ಅಂಕದ ಆಸೆ ಪೂರಾ ಹೋಯಿತಲ್ಲ?" ಅಂದೆ, ಹೋಯಿತು ಅನ್ನುತ್ತಾರೆ ಅಂತ.

"ಎಲ್ಲಿಗೆ ಹೋಗ್ತದೆ ಮಾರಾಯ? ಇವತ್ತೂ ಉಂಟು, ನಾಳೆಯೂ ಇರ್ತದೆ. ದುಡ್ಡು ಇವಳ ಹತ್ತಿರ ಉಂಟು, ಅಷ್ಟೆ." ನಾಚಿಕೆ ಇಲ್ಲದೆ, ಕಾಲು ನೋವು ಉಂಟು ಅಂತ ಹೇಳುವ ಹಾಗೆ ಹೇಳಿದರು. ಮತ್ತೆ ನನ್ನ ಸೊಂಟದ ಮಡಿಯ ಕಡೆ ನೋಡಿ, "ನಿನ್ನದು ಯಾರ ಹತ್ತಿರ?" ಅಂದರು.

ಸ್ವಂತ ಕೈಯಲ್ಲೇ ದುಡಿದು ಸ್ವಂತ ಕೈಯಲ್ಲೇ ಇಟ್ಟುಕೊಂಡವನು ಅಂತ ನನಗಿದ್ದ ಹೆಮ್ಮೆ ದಾರಿಯುದ್ದಕ್ಕೂ ಸ್ವಲ್ಪ ಸ್ವಲ್ಪ ಉದುರಿತು. ಮನೆಗೆ ಬಂದು ಈ ವಾರದ ದುಡ್ಡನ್ನು ನನ್ನವಳ ಕೈಗೆ ಕೊಟ್ಟೆ.

"ಎಂತ, ಜ್ವರ ಉಂಟಾ ನಿಮಗೆ?" ಅಂತ ಕೇಳಿದಳು. ಉತ್ತರಕ್ಕೆ ಕಾಯದೆ ಒಳಗೆ ತೆಗೆದುಕೊಂಡು ಹೋದಳು. ಪೆಟ್ಟಿಗೆಗೆ ಬೀಗ ಹಾಕಿದ ಸದ್ದೂ ಕೇಳಿತು.

ಸಂಜೆ ಚಹಾಕ್ಕೆ ಚಿಲ್ಲರೆ ಬೇಕು. ಹೇಗೆ ಕೇಳಬೇಕು ಅಂತ ಭಾವನನ್ನೇ ಕೇಳಿ ಬರಬೇಕು.